ಹಳದಿ ಎಂಜಿನ್ ದೀಪ: ಒಂದು ತಕರಾರು

ಸಿನಿಮಾ, ಪುಸ್ತಕ, ಹೋಟೆಲಿನ ದೋಸೆ ಎಲ್ಲಕ್ಕೂ ವಿಮರ್ಶೆ ಬರೀತೀವಿ. ಪಿಕಪ್ ಗಾಡಿಯ ಡ್ಯಾಶ್‌ಬೋರ್ಡಿಗೆ ಮಾತ್ರ ಯಾರೂ ಬರೆಯಲ್ಲ. ಅದೂ ಓದೋಕೆ ಅಂತಲೇ ಮಾಡಿದ್ದು ತಾನೆ? ಆಪ್‌ಗಳಿಗೆ ಎರರ್ ಮೆಸೇಜ್ ಬರೆಯೋದು ನನ್ನ ಹೊಟ್ಟೆಪಾಡು. ಒಳ್ಳೆಯ ಮೆಸೇಜ್ ಮೂರು ವಿಷಯ ಹೇಳಬೇಕು: ಏನಾಗಿದೆ, ಎಷ್ಟು ಗಂಭೀರ, ಈಗ ಏನು ಮಾಡಬೇಕು. ಡ್ಯಾಶ್‌ಬೋರ್ಡಿನ ದೀಪಗಳನ್ನೂ ನಾನು ಇದೇ ಅಳತೆಯಲ್ಲಿ ನೋಡ್ತೀನಿ.

ಮೊದಲು ಮೆಚ್ಚುಗೆ. ಬಣ್ಣಗಳ ಲೆಕ್ಕ ಚೆನ್ನಾಗಿದೆ. ಕೆಂಪು ಅಂದ್ರೆ ನಿಲ್ಲಿಸು, ಹಳದಿ ಅಂದ್ರೆ ಬೇಗ ತೋರಿಸು. ಓಡುವಾಗ ಕೆಂಪು ಆಯಿಲ್ ಡಬ್ಬಿ ಹೊತ್ತಿದರೆ ಆಯಿಲ್ ಪ್ರೆಶರ್ ಬಿದ್ದಿದೆ ಅಂತ. ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಬೇಕು, ಅಷ್ಟೇ. ಮುಂದಿನ ಬಂಕ್‌ವರೆಗೆ ಹೋಗಿಬಿಡೋಣ ಅಂತ ಹೊರಟರೆ ಎಂಜಿನ್ನೇ ಕೈಕೊಡಬಹುದು. ಕೆಂಪು ಬ್ಯಾಟರಿ ಚಿತ್ರ ಸ್ವಲ್ಪ ದಾರಿ ತಪ್ಪಿಸುತ್ತೆ. ಓಡುವಾಗ ಅದು ಹೊತ್ತಿದರೆ ಸಾಮಾನ್ಯವಾಗಿ ಚಾರ್ಜಿಂಗ್ ನಿಂತಿರುತ್ತೆ. ಹೊಸ ಬ್ಯಾಟರಿ ಕೊಳ್ಳೋ ಮೊದಲು ಆಲ್ಟರ್ನೇಟರ್ ಬೆಲ್ಟ್ ನೋಡಿ. ಮಣ್ಣುದಾರಿಯಲ್ಲಿ ಓಡೋ ಪಿಕಪ್‌ನಲ್ಲಿ ಎಬಿಎಸ್ ದೀಪ ಬಂದರೆ ಎಷ್ಟೋ ಸಲ ಚಕ್ರದ ಸೆನ್ಸರ್‌ಗೆ ಕೆಸರು ಮೆತ್ತಿರುತ್ತೆ, ಇಲ್ಲಾ ಅದರ ವೈರ್ ಕಿತ್ತಿರುತ್ತೆ. ಮಾಮೂಲಿ ಬ್ರೇಕ್ ಹಿಡಿಯುತ್ತೆ, ಆದರೆ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಿ ಗಾಡಿ ಜಾರಬಹುದು.

ನನ್ನ ತಕರಾರು ಇರೋದು ಹಳದಿ ಎಂಜಿನ್ ಚಿತ್ರದ ಮೇಲೆ. ಇದು ಹುಟ್ಟಿದ್ದೇ ಓನರ್‌ಗಿಂತ ಹೆಚ್ಚಾಗಿ ಹೊಗೆಯ ಚಿಂತೆಯಿಂದ. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಕಾರು, ಲಘು ಟ್ರಕ್‌ಗಳಿಗೆ ಒಬಿಡಿ-2 ಕಡ್ಡಾಯವಾಯ್ತು. ಹೊಗೆ ಮಿತಿ ಮೀರಿಸುವಂಥ ದೋಷ ಕಂಡರೆ ಗಾಡಿಯ ಕಂಪ್ಯೂಟರ್ ಒಂದು ಕೋಡ್ ಬರೆದಿಟ್ಟು ದೀಪ ಹಚ್ಚಬೇಕು. ನಮ್ಮಲ್ಲಿ 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬಂದ ಮೇಲೆ ಈ ಕಾವಲು ಇನ್ನೂ ಬಿಗಿಯಾಗಿದೆ. ಒಳ್ಳೆಯದೇ, ಆ ಹೊಗೆ ಕುಡಿಯೋರು ನಾವೇ. ಆದರೆ ಸಡಿಲವಾದ ವೈರಿಗೂ ಅದೇ ಚಿತ್ರ, ದುಬಾರಿ ರಿಪೇರಿಗೂ ಅದೇ ಚಿತ್ರ. ಅರ್ಥ ತಿಳಿಯೋದು ಸ್ಕ್ಯಾನರ್ ಇದ್ದವರಿಗೆ ಮಾತ್ರ.

ಇದರ ಬೆಲೆ ಕಟ್ಟೋರು ಯಾರು ಅಂದ್ರೆ ನನ್ನ ಸೋದರಮಾವನಂಥವರು. 2018ರ ಡೀಸೆಲ್ ಪಿಕಪ್‌ನಲ್ಲಿ ಕೋಲಾರದ ಮಾರ್ಕೆಟ್‌ಗೆ ಟೊಮ್ಯಾಟೊ ಹೊಡೀತಾರೆ. ಗಾಡಿ ಒಂದು ದಿನ ನಿಂತರೆ ಆ ದಿನದ ಬಾಡಿಗೆ ಇಲ್ಲ. ದೀಪ ಬಂತು ಅಂತ ಒಂದು ಸರ್ವಿಸ್ ಸೆಂಟರ್‌ಗೆ ಹೋದರು. ಅವರು ಸ್ಕ್ಯಾನರ್ ಚುಚ್ಚಿ, ಕೋಡ್ ಅಳಿಸಿ, ದುಡ್ಡು ತಗೊಂಡು ಕಳಿಸಿದರು. ನಾಲ್ಕೇ ದಿನಕ್ಕೆ ದೀಪ ವಾಪಸ್. ಎರಡನೇ ಸಲ ಇಜಿಆರ್ ವಾಲ್ವನ್ನೇ ಬದಲಾಯಿಸಬೇಕು ಅಂದರಂತೆ. "ಸರಿ ಮಾಡಿದಾರೋ, ಬರೀ ದೀಪ ಆರಿಸಿದಾರೋ, ನಂಗೆ ಹೆಂಗೋ ಗೊತ್ತಾಗಬೇಕು?" ಅಂತ ಮಾವ ಫೋನಿನಲ್ಲಿ ಕೇಳಿದರು.

ಅವರಿಗೆ ಬಂದಿದ್ದ ಕೋಡ್ ಪಿ0401. ಇಜಿಆರ್‌ನಲ್ಲಿ ಹೊಗೆಯ ಹರಿವು ಸಾಲದು ಅನ್ನೋದಷ್ಟೇ ಅದರ ಅರ್ಥ. ವಾಲ್ವ್ ಹೋಗಿದೆ ಅಂತ ಅದು ಎಲ್ಲೂ ಹೇಳಲ್ಲ. ಕಾರ್ಬನ್ ಕಟ್ಟಿರಬಹುದು, ಪೈಪ್ ಸೀಳಿರಬಹುದು, ಸೆನ್ಸರ್ ತಪ್ಪು ಹೇಳುತ್ತಿರಬಹುದು. ಕೋಡ್ ಅನ್ನೋದು ಜ್ವರದ ಹಾಗೆ, ಕಾಯಿಲೆ ಹುಡುಕೋ ಕೆಲಸ ಇನ್ನೂ ಬಾಕಿ ಇರುತ್ತೆ. ಊರಿನ ಮೆಕ್ಯಾನಿಕ್ ಒಂದೊಂದೇ ಕಳಚಿ ನೋಡಿದ. ಸಿಕ್ಕಿದ್ದು ಸೀಳಿದ ವ್ಯಾಕ್ಯೂಮ್ ಪೈಪ್. ನೂರೈವತ್ತು ರೂಪಾಯಿಯಲ್ಲಿ ಮುಗೀತು.

ಹಾಗಾಗಿ ಕೋಡ್ ಅಳಿಸೋದನ್ನು ರಿಪೇರಿ ಅಂತ ಕರೆಯಬಾರದು. ಅದರಿಂದ ಸಾಕ್ಷಿಯೂ ನಾಶವಾಗುತ್ತೆ. ಕೋಡ್ ಜೊತೆಗೆ ದೋಷ ಕಂಡ ಕ್ಷಣದ ಎಂಜಿನ್ ವೇಗ, ಬಿಸಿ, ಲೋಡ್‌ನ ದಾಖಲೆಯೂ ಉಳಿದಿರುತ್ತೆ. ಅಳಿಸಿದರೆ ಅದೂ ಹೋಯ್ತು. ಅಳಿಸೋ ಮೊದಲು ಸ್ಕ್ಯಾನರ್ ಪರದೆಯ ಫೋಟೋ ತೆಗೆದುಕೊಳ್ಳಿ. ಏನು ಪರೀಕ್ಷಿಸಿ ಈ ಪಾರ್ಟ್ ಹೋಗಿದೆ ಅಂತ ಹೇಳ್ತಿದೀರಿ ಅಂತ ಕೇಳಿ. ಸಾವಿರ ರೂಪಾಯಿಯೊಳಗೆ ಬ್ಲೂಟೂತ್ ಸ್ಕ್ಯಾನರ್ ಸಿಗುತ್ತೆ, ಊರಲ್ಲಿ ಗಾಡಿ ಇಟ್ಟುಕೊಂಡ ಅಪ್ಪನಿಗೋ ಮಾವನಿಗೋ ಒಂದು ತೆಗೆದುಕೊಡಿ. ಸೆಕೆಂಡ್ ಹ್ಯಾಂಡ್ ಪಿಕಪ್ ನೋಡೋಕೆ ಹೋದರೆ ಮೊದಲು ಕೀ ಮಾತ್ರ ಆನ್ ಮಾಡಿ. ಎಂಜಿನ್ ದೀಪ ಆಗ ಹೊತ್ತಲೇಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹೊತ್ತಲೇ ಇಲ್ಲ ಅಂದ್ರೆ ಯಾರೋ ಅದರ ಬಾಯಿ ಮುಚ್ಚಿಸಿರಬಹುದು.

ಇದೆಲ್ಲ ಡ್ರೈವರೇ ಕಲಿತುಕೊಳ್ಳಬೇಕಾಗಿ ಬಂದಿರೋದು ವಿನ್ಯಾಸದ ಸೋಲು. ಗಾಡಿಯ ಕಂಪ್ಯೂಟರ್‌ಗೆ ಕೋಡ್ ಗೊತ್ತು. ಎಷ್ಟೋ ಗಾಡಿಗಳಲ್ಲಿ ಹಾಡಿನ ಹೆಸರು ತೋರಿಸೋಕೆ ಪರದೆಯೂ ಇದೆ. "ಇಜಿಆರ್ ಹರಿವು ಕಡಿಮೆ, ಗಾಡಿ ಓಡಿಸಬಹುದು, ಈ ವಾರ ತೋರಿಸಿ" ಅಂತ ಕನ್ನಡದಲ್ಲಿ ಒಂದು ಸಾಲು ಅಲ್ಲಿ ಬರೆಯೋಕೆ ಏನು ಕಷ್ಟ? ನಮ್ಮ ಆಫೀಸಿನಲ್ಲಿ ಯಾರಾದರೂ ಬರೀ "ಏನೋ ತಪ್ಪಾಗಿದೆ" ಅಂತ ಮೆಸೇಜ್ ಬರೆದರೆ ವಾಪಸ್ ಕಳಿಸ್ತೀವಿ. ಈ ಹಳದಿ ದೀಪವನ್ನೂ ವಾಪಸ್ ಕಳಿಸಬೇಕು.