ನೆನಪನ್ನು ನೆಚ್ಚದ ಕೋಡ್

ಬ್ರೌಸರ್ ಎಕ್ಸ್‌ಟೆನ್ಶನ್ ಬರೆಯುವವರು ಪದೇಪದೇ ಹೇಳುವ ದೂರೊಂದಿದೆ: ಡೆವಲಪರ್ ಟೂಲ್ಸ್ ತೆರೆದಿರುವಷ್ಟು ಹೊತ್ತು ಎಲ್ಲವೂ ಸರಿ, ಬಳಕೆದಾರರ ಕೈಗೆ ಹೋದಮೇಲೆ ಆಗಾಗ ಕೈಕೊಡುತ್ತದೆ. ಟೂಲ್ಸ್ ತೆರೆದಿದ್ದರೆ ಹಿನ್ನೆಲೆಯ ಸರ್ವಿಸ್ ವರ್ಕರ್ ನಿಲ್ಲುವುದಿಲ್ಲ. ಮುಚ್ಚಿದ ಮೇಲೆ, 30 ಸೆಕೆಂಡ್ ಕೆಲಸವಿಲ್ಲದಿದ್ದರೆ ಕ್ರೋಮ್ ಅದನ್ನು ನಿಲ್ಲಿಸುತ್ತದೆ. ಮುಂದಿನ ಈವೆಂಟ್ ಬಂದಾಗ ಕಡತ ಮೊದಲ ಸಾಲಿನಿಂದ ಮತ್ತೆ ಓಡುತ್ತದೆ, ಗ್ಲೋಬಲ್ ವೇರಿಯಬಲ್‌ಗಳಲ್ಲಿ ಇಟ್ಟದ್ದೆಲ್ಲ ಹೋಗಿರುತ್ತದೆ. 2021ರಲ್ಲಿ ಕ್ರೋಮ್ 88ರೊಂದಿಗೆ ಬಂದ ಮ್ಯಾನಿಫೆಸ್ಟ್ ವಿ3 ಎಂಬ ಎಕ್ಸ್‌ಟೆನ್ಶನ್ ಚೌಕಟ್ಟಿನ ಈ ನಡೆಯನ್ನು ಹಲವರು ಕಿರುಕುಳವೆಂದೇ ಬಗೆದಿದ್ದಾರೆ. ನನ್ನ ಪ್ರಕಾರ ಅದು ಒಳ್ಳೆಯ ಶಿಸ್ತು. ಸಂದೇಶ ಬಂದಾಗ ಎಚ್ಚೆತ್ತು, ಬೇಕಾದ್ದನ್ನು ಸ್ಟೋರೇಜ್‌ನಿಂದ ಓದಿ, ಉತ್ತರಿಸಿ, ಫಲಿತಾಂಶವನ್ನು ಮತ್ತೆ ಅಲ್ಲೇ ಬರೆದಿಡುವ ಹ್ಯಾಂಡ್ಲರ್ ಮಾತ್ರ ನಂಬಿಕೆಗೆ ಅರ್ಹ.

ದೋಷಗಳು ಹುಟ್ಟುವ ಜಾಗಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮೊದಲು ಸೆಟ್ಟಿಂಗ್ಸ್ ಓದಿಕೊಂಡು, ಅದು ಬಂದಮೇಲೆ 'ಆನ್‌ಮೆಸೇಜ್'ಗೆ ಲಿಸನರ್ ಸೇರಿಸುವ ಕೋಡ್ ಸಾಕಷ್ಟು ಕಡೆ ಕಾಣುತ್ತದೆ. ವರ್ಕರ್ ಅನ್ನು ಎಬ್ಬಿಸಿದ ಸಂದೇಶವೇ ಆ ನಡುವೆ ಕೇಳುವವರಿಲ್ಲದೆ ಕಳೆದುಹೋಗಬಹುದು. ಲಿಸನರ್ ಕಡತದ ಮೇಲ್ಮಟ್ಟದಲ್ಲಿ, ಯಾವುದಕ್ಕೂ ಕಾಯದೆ ನೋಂದಣಿಯಾಗಬೇಕು; ಕಾಯುವ ಕೆಲಸವೆಲ್ಲ ಅದರ ಒಳಗೆ. ಉತ್ತರ ತಡವಾಗಿ ಕೊಡುವುದಾದರೆ ಲಿಸನರ್ 'ರಿಟರ್ನ್ ಟ್ರೂ' ಎನ್ನಬೇಕು, ಇಲ್ಲದಿದ್ದರೆ ಉತ್ತರದ ದಾರಿ ಮುಚ್ಚುತ್ತದೆ. ಲಿಸನರ್ ಅನ್ನೇ 'ಅಸಿಂಕ್' ಮಾಡಿದರೆ ಅದು ಹಿಂತಿರುಗಿಸುವುದು ಪ್ರಾಮಿಸ್. ಅದನ್ನು ಕ್ರೋಮ್ ಬಹುಕಾಲ ಉತ್ತರವೆಂದು ಒಪ್ಪಿರಲಿಲ್ಲ, ಫೈರ್‌ಫಾಕ್ಸ್ ಒಪ್ಪುತ್ತಿತ್ತು. ಒಂದೇ ಕೋಡ್ ಒಂದರಲ್ಲಿ ನಡೆದು ಇನ್ನೊಂದರಲ್ಲಿ ಸುಮ್ಮನಾಗುತ್ತಿದ್ದುದಕ್ಕೆ ಇದೂ ಒಂದು ಕಾರಣ.

ಪ್ರತಿ ಸಲ ಸ್ಟೋರೇಜ್ ಓದಿದರೆ ನಿಧಾನವಾಗುವುದಿಲ್ಲವೇ ಎಂಬ ಆಕ್ಷೇಪವಿದೆ. ಅದಕ್ಕೆಂದೇ ಸೆಷನ್ ಸ್ಟೋರೇಜ್ ಇದೆ: ಡಿಸ್ಕ್‌ಗೆ ಹೋಗದೆ ಮೆಮೊರಿಯಲ್ಲೇ ಉಳಿದು, ವರ್ಕರ್ ನಿಂತರೂ ಅಳಿಯದೆ, ಸುಮಾರು 10 ಎಂಬಿವರೆಗೆ ಹಿಡಿಯುತ್ತದೆ. ಎಡೆಬಿಡದ ಸಂಪರ್ಕ ಬೇಕಾದ ಕೆಲಸಗಳ ಗತಿಯೇನು ಎಂಬ ಪ್ರಶ್ನೆ ಇನ್ನೂ ಗಟ್ಟಿಯಾದದ್ದು. ಕ್ರೋಮ್ 116ರಿಂದ ವೆಬ್‌ಸಾಕೆಟ್‌ನಲ್ಲಿ ಸಂದೇಶ ಓಡಾಡುತ್ತಿರುವಷ್ಟು ಕಾಲ ವರ್ಕರ್ ಉಳಿಯುತ್ತದೆ, ಹಾಗಾಗಿ ನಿಜವಾದ ಅಗತ್ಯಕ್ಕೆ ದಾರಿಯಿದೆ. ಆದರೆ ನಿದ್ದೆಗೆ ಬಿಡಬಾರದೆಂಬ ಒಂದೇ ಉದ್ದೇಶಕ್ಕೆ ಸುಳ್ಳು ಕರೆಗಳನ್ನು ಮಾಡುತ್ತಿರುವುದು ತಪ್ಪು: ಅದು ಬಳಕೆದಾರರ ಮೆಮೊರಿಯನ್ನು ತಿನ್ನುತ್ತದೆ, ವರ್ಕರ್ ಕ್ರ್ಯಾಶ್ ಆದ ದಿನ ಸ್ಥಿತಿಯನ್ನು ಉಳಿಸುವುದೂ ಇಲ್ಲ. ಹಿನ್ನೆಲೆ ಕೋಡ್ ನಿಲ್ಲಿಸುವುದು ಗೂಗಲ್‌ನ ಹಟವಷ್ಟೇ ಎನ್ನುವವರು ಫೈರ್‌ಫಾಕ್ಸ್ ಕಡೆ ನೋಡಬೇಕು. 2023ರ ಜನವರಿಯಲ್ಲಿ ಬಂದ 109ನೇ ಆವೃತ್ತಿ ಸರ್ವಿಸ್ ವರ್ಕರ್ ಬದಲು ಈವೆಂಟ್ ಪೇಜ್ ಆರಿಸಿಕೊಂಡಿತು; ಅದೂ ಕೆಲಸವಿಲ್ಲದಾಗ ನಿಲ್ಲುತ್ತದೆ. ರೂಪದಲ್ಲಿ ಭಿನ್ನಮತವಿದ್ದರೂ ತತ್ವದಲ್ಲಿ ಇಬ್ಬರೂ ಒಂದೇ.

ಆದ್ದರಿಂದ ಪರೀಕ್ಷೆಯ ಕ್ರಮವೂ ಬದಲಾಗಬೇಕು. ಬಿಡುಗಡೆಗೆ ಮುನ್ನ ಸರ್ವಿಸ್ ವರ್ಕರ್ ಇಂಟರ್ನಲ್ಸ್ ಪುಟದಲ್ಲಿ 'ಸ್ಟಾಪ್' ಒತ್ತಿ, ಅದೇ ಸಂದೇಶವನ್ನು ಮತ್ತೆ ಕಳಿಸಿ. ನಿಲ್ಲಿಸುವ ಮೊದಲು ಬಂದ ಉತ್ತರವೇ ಮತ್ತೆ ಬಂದರೆ ಆ ಎಕ್ಸ್‌ಟೆನ್ಶನ್ ಸಿದ್ಧವಾಗಿದೆ. ಬಾರದಿದ್ದರೆ, ಯಾವ ಸ್ಥಿತಿ ಇನ್ನೂ ವೇರಿಯಬಲ್‌ನಲ್ಲೇ ಉಳಿದಿದೆ ಎಂದು ಹುಡುಕಿ.