ತಕ್ಕಡಿಯ ಮೇಲಿನ ಪೈಲ್ವಾನ

ಒಲಿಂಪಿಕ್ಸ್ ಕುಸ್ತಿಯ ಚರಿತ್ರೆಯನ್ನು ಯಾರೇ ಬರೆಯಲಿ, ಸ್ವೀಡನ್ನಿನ ಈವಾರ್ ಯೋಹಾನ್ಸನ್ ಹೆಸರು ಬಂದ ಕೂಡಲೇ ಅದರ ಹಿಂದೆಯೇ ಸೌನಾ ಬಂದುಬಿಡುತ್ತೆ. 1932ರ ಲಾಸ್ ಏಂಜಲೀಸ್. ಈ ಪೊಲೀಸಪ್ಪ ಫ್ರೀಸ್ಟೈಲಿನ ಮಿಡಲ್‌ವೇಟ್, ಅಂದರೆ 79 ಕೆಜಿ ವಿಭಾಗದಲ್ಲಿ ಚಿನ್ನ ಗೆದ್ದ. ಆಮೇಲೆ ಊಟ ಬಿಟ್ಟು ಸೌನಾದಲ್ಲಿ ಕೂತ. ಐದು ಕೆಜಿಯಷ್ಟು ಇಳಿಸಿ ಗ್ರೀಕೊ-ರೋಮನ್ನಿನ ವೆಲ್ಟರ್‌ವೇಟ್, 72 ಕೆಜಿಯ ತಕ್ಕಡಿ ಹತ್ತಿದ. ಅಲ್ಲೂ ಚಿನ್ನ. ಕಥೆ ಮುಗೀತು. ನಾನೂ ಎಷ್ಟೋ ಸಲ ಇದನ್ನ ಹೀಗೇ ಹೇಳಿ ಗೆಳೆಯರನ್ನ ಬೆರಗುಗೊಳಿಸಿದ್ದೀನಿ.

ಈಗೀಗ ಅದೇ ಕಥೆ ಕೇಳಿದರೆ ಕಿರಿಕಿರಿಯಾಗುತ್ತೆ. ಇದರಲ್ಲಿ ಕುಸ್ತಿ ಎಲ್ಲಿದೆ ಹೇಳಿ? ಬೆವರಿದೆ, ತಕ್ಕಡಿಯಿದೆ, ಎರಡು ಪದಕ ಇವೆ. ಆತ ಗೆದ್ದದ್ದು ಎರಡು ಬೇರೆ ಬೇರೆ ಆಟಗಳನ್ನು ಅನ್ನೋದೇ ಬಿಟ್ಟುಹೋಗಿದೆ.

ನಮ್ಮ ಗರಡಿ ಕುಸ್ತಿ ನೋಡಿದವರಿಗೆ ಫ್ರೀಸ್ಟೈಲ್ ತೀರಾ ಹೊಸದಲ್ಲ. ಎದುರಾಳಿಯ ಕಾಲಿಗೆ ಕೈ ಹಾಕಬಹುದು, ಕಾಲು ಕೊಟ್ಟು ಕೆಡವಬಹುದು. ಅದಕ್ಕೇ ಪೈಲ್ವಾನ್ ಮೊಣಕಾಲು ಮಡಿಸಿ, ತಗ್ಗಿ ನಿಲ್ಲುತ್ತಾನೆ. ಗ್ರೀಕೊ-ರೋಮನ್ನಿನಲ್ಲಿ ಸೊಂಟದ ಕೆಳಗೆ ಹಿಡಿಯುವಂತಿಲ್ಲ, ಕಾಲಿನಿಂದ ಕೊಕ್ಕೆ ಹಾಕುವಂತೆಯೂ ಇಲ್ಲ. ಎದೆಗೆ ಎದೆ ಕೊಟ್ಟು, ತೋಳು, ಕುತ್ತಿಗೆ, ಪಕ್ಕೆ ಹಿಡಿದು, ಎತ್ತಿ ಒಗೆಯಬೇಕು. ಹಾಗೆ ನೆಟ್ಟಗೆ ನಿಂತವನು ಫ್ರೀಸ್ಟೈಲಿನಲ್ಲಿ ಕಾಲು ಒಪ್ಪಿಸಿದ ಹಾಗೇ. ಒಂದರಲ್ಲಿ ಬದುಕಿಸುವ ಅಭ್ಯಾಸ ಇನ್ನೊಂದರಲ್ಲಿ ತಪ್ಪು. ಕಾಲು ಕಂಡ ಕೂಡಲೇ ಮುಂದೆ ಹೋಗುವ ಕೈಯನ್ನು ಕೆಲವೇ ದಿನಗಳ ಅಂತರದಲ್ಲಿ ತಡೆದು ಹಿಡಿಯೋದು ಐದು ಕೆಜಿ ಇಳಿಸುವುದಕ್ಕಿಂತ ಸುಲಭವೇ? ಖಾಶಾಬಾ ಜಾಧವ್ 1952ರಲ್ಲಿ ಗೆದ್ದ ಕಂಚಿನಿಂದ ಹಿಡಿದು 2024ರ ಪ್ಯಾರಿಸ್‌ವರೆಗೆ ಭಾರತ ಕುಸ್ತಿಯಲ್ಲಿ ತಂದ ಒಲಿಂಪಿಕ್ ಪದಕಗಳೆಲ್ಲ ಫ್ರೀಸ್ಟೈಲಿನವೇ. ಆ ಇನ್ನೊಂದು ಶೈಲಿ ನಮ್ಮ ಮೈಗೆ ಎಷ್ಟು ದೂರ ಅಂತ ಇದರಿಂದಲೇ ಗೊತ್ತಾಗುತ್ತೆ.

ಆಗಿನ ಲೆಕ್ಕವೂ ಬಿಗಿ. ಸೋತವನಿಗೆ ದೋಷಾಂಕ ಸರಿ, ಚಿತ್ ಮಾಡದೆ ಬರೀ ತೀರ್ಪಿನಲ್ಲಿ ಗೆದ್ದವನಿಗೂ ದೋಷಾಂಕ! ಐದಾದರೆ ಮನೆಗೆ. ಅಂಥ ಕೂಟದಲ್ಲಿ ಎರಡೂ ಸಲ ಫಿನ್ಲೆಂಡಿನವರನ್ನೇ ಬೆಳ್ಳಿಗೆ ತಳ್ಳಿದ, ಒಮ್ಮೆ ಲೂಕ್ಕೊ, ಇನ್ನೊಮ್ಮೆ ಕಾಯಾಂಡರ್.

ಒಂದು ಮಾತು ಒಪ್ಪಲೇಬೇಕು. ತೂಕ ಇಳಿಸಿದ್ದರಲ್ಲಿ ಬರೀ ತಪಸ್ಸಿರಲಿಲ್ಲ, ಲೆಕ್ಕಾಚಾರವೂ ಇತ್ತು. ಮೈಕಟ್ಟಿನಲ್ಲಿ ತನಗಿಂತ ಚಿಕ್ಕವರು ಸಿಗುವ ಕಡೆ ಹೋದ. ಎಸ್ಟೋನಿಯಾದ ಕ್ರಿಸ್ತ್ಯಾನ್ ಪಾಲುಸಾಲುಗೆ ಆ ದಾರಿ ಇರಲಿಲ್ಲ. 1936ರ ಬರ್ಲಿನ್‌ನಲ್ಲಿ ಹೆವಿವೇಟ್ ಚಿನ್ನವನ್ನ ಎರಡೂ ಶೈಲಿಯಲ್ಲಿ ಗೆದ್ದ. ಒಂದೇ ಒಲಿಂಪಿಕ್ಸ್‌ನಲ್ಲಿ ಹಾಗೆ ಮಾಡಿದ ಹೆವಿವೇಟ್ ಅವನೊಬ್ಬನೇ. ಇಬ್ಬರಲ್ಲಿ ಒಬ್ಬನನ್ನ ಆರಿಸು ಅಂದರೆ ನಾನು ಪಾಲುಸಾಲು ಪಕ್ಷ.

ಆದರೆ ಅದೇ ಬರ್ಲಿನ್‌ನಲ್ಲಿ ಯೋಹಾನ್ಸನ್ ಕೂಡ ಇದ್ದ, ಮೂವತ್ಮೂರರ ವಯಸ್ಸಿನಲ್ಲಿ. ಗ್ರೀಕೊ-ರೋಮನ್ ಮಿಡಲ್‌ವೇಟ್ ಚಿನ್ನ ಗೆದ್ದ. ಮೂರನೆಯದು. ಈ ಗೆಲುವಿಗೆ ಅಂಟಿಕೊಂಡ ಸೌನಾ ಕಥೆಯಿಲ್ಲ, ಹಾಗಾಗಿ ಬರೆಯುವವರು ಇದನ್ನ ಒಂದೇ ಸಾಲಿನಲ್ಲಿ ದಾಟಿಬಿಡುತ್ತಾರೆ. ನನಗೆ ಸಿಟ್ಟು ಬರೋದು ಇಲ್ಲೇ.

ಹಳೇ ಸ್ವೀಡನ್ನಿನವನ ಬಗ್ಗೆ ಇಷ್ಟು ಸಿಟ್ಟು ಯಾಕೆ ಅನ್ನಬಹುದು. ಪ್ಯಾರಿಸ್‌ನಲ್ಲಿ ನಮ್ಮ ವಿನೇಶ್ ಫೋಗಟ್‌ಗೂ ಇದೇ ಆಯ್ತಲ್ಲ, ಅದಕ್ಕೆ. 53 ಕೆಜಿಯಲ್ಲಿ ಆಡುತ್ತಿದ್ದವರು 50ಕ್ಕೆ ಇಳಿದರು. ಮೊದಲ ಸುತ್ತಿನಲ್ಲೇ, ಅಲ್ಲಿಯವರೆಗೆ ಯಾವ ವಿದೇಶಿ ಪೈಲ್ವಾನಳಿಗೂ ಸೋಲದ ಜಪಾನಿನ ಯುಯಿ ಸುಸಾಕಿಯನ್ನು 3-2ರಿಂದ ಸೋಲಿಸಿದರು. ಮರುದಿನ ಬೆಳಗ್ಗೆ ನೂರು ಗ್ರಾಂ ಹೆಚ್ಚಾಗಿ ಫೈನಲ್ ಕೈತಪ್ಪಿತು. ಆ ವಾರ ಸಿಕ್ಕಸಿಕ್ಕವರೆಲ್ಲ ನನ್ನನ್ನ ನೂರು ಗ್ರಾಂ ಬಗ್ಗೆ ಕೇಳಿದರು. ಸುಸಾಕಿಯನ್ನ ಕೊನೆಯ ಸೆಕೆಂಡುಗಳಲ್ಲಿ ಕೆಡವಿದ್ದು ಹೇಗೆ ಅಂತ ಒಬ್ಬರೂ ಕೇಳಲಿಲ್ಲ.