ಅಟ್ಟದ ಫ್ಯಾನಿನ ಅಚ್ಚುಕಟ್ಟು

ಟೆಕ್ಸಾಸಿನ ಬೇಸಿಗೆಯಲ್ಲಿ ಮರದ ಮನೆಯ ಅಟ್ಟ 60 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಆ ಬೇಗೆಯನ್ನು ಹೊರದಬ್ಬುವ ಫ್ಯಾನನ್ನು ಮನೆಯವರೇ ಕೂರಿಸಿಕೊಳ್ಳುವ ಅಲ್ಲಿನ ರೂಢಿ ನನಗೆ ಬಲು ಮೆಚ್ಚು.

ಹೆಚ್ಚು ಹಿಡಿಸುವುದು ಅದರ ಗಾಳಿಯ ಲೆಕ್ಕ. ಹೊರಹೋದಷ್ಟೇ ಗಾಳಿ ಒಳಬರಬೇಕು. ನಿಮಿಷಕ್ಕೆ 300 ಘನ ಅಡಿ ಗಾಳಿಗೆ ಸೂರಿನಡಿ ಒಂದು ಚದರ ಅಡಿ ತೆರಪು ಎಂಬುದು ವಾಡಿಕೆಯ ಸೂತ್ರ. ಅದು ಸಾಲದಿದ್ದರೆ ಫ್ಯಾನು ಚಾವಣಿಯ ಸಂದುಗಳಿಂದ ಕೆಳಗಿನ ಎ.ಸಿ. ತಂಪನ್ನೇ ಹೀರಿಬಿಡುತ್ತದೆ, ಗ್ಯಾಸ್ ಹೀಟರಿನ ಹೊಗೆಯನ್ನೂ ಮನೆಯೊಳಕ್ಕೆ ಎಳೆಯಬಹುದು. ಹಾಗಾಗಿ ಪಳಗಿದ ಕೈ ಮೊದಲು ಸಂದು ಮುಚ್ಚುತ್ತದೆ, ಆಮೇಲೆ ಗರಗಸ ಹಿಡಿಯುತ್ತದೆ.

ವೈರಿಂಗ್ ಚಿಕ್ಕದು, ಆದರೆ ಎಷ್ಟು ಶಿಸ್ತಿನದು! ಬ್ರೇಕರ್ ಇಳಿಸಿ, ಟೆಸ್ಟರಿನಿಂದ ಖಚಿತಪಡಿಸಿಕೊಂಡ ಮೇಲೆಯೇ ತಂತಿ ಮುಟ್ಟಬೇಕು. ಕಪ್ಪು ತಂತಿ ಥರ್ಮೋಸ್ಟಾಟ್ ಹಾದು ಮೋಟರಿಗೆ, ಬಿಳಿಯದು ನೇರ ಮೋಟರಿಗೆ, ಬರಿ ತಾಮ್ರದ್ದು ಅರ್ಥಿಂಗಿಗೆ. ಕರ್ನಾಟಕದ ಮನೆಗಳಲ್ಲಿ ಕಪ್ಪು ನ್ಯೂಟ್ರಲ್. ಅಲ್ಲಿ ಅದೇ ಕರೆಂಟು ಹರಿಯುವ ತಂತಿ. ಇಲ್ಲಿಂದ ಹೋಗಿ ನೆಲೆಸಿದ ಕನ್ನಡಿಗರು ಇದನ್ನು ಮನಸ್ಸಿನಲ್ಲಿ ಕೊರೆದಿಟ್ಟುಕೊಳ್ಳಬೇಕು. ಜೋಡಣೆಗಳೆಲ್ಲ ಮುಚ್ಚಳವಿರುವ ಪೆಟ್ಟಿಗೆಯೊಳಗೇ ಇರಬೇಕು.

ಥರ್ಮೋಸ್ಟಾಟನ್ನು 40 ಡಿಗ್ರಿಯ ಆಸುಪಾಸಿಗೆ ತಿರುಗಿಸಿಟ್ಟರೆ, ಬಿಸಿಲೇರಿದಾಗ ಫ್ಯಾನು ತಾನೇ ಓಡುತ್ತದೆ, ಅಟ್ಟ ತಣಿದಾಗ ತಾನೇ ನಿಲ್ಲುತ್ತದೆ.